ಅಗಲದ ಟೈರು, ಅರ್ಧ ಹೇಳಿದ ಮಾತು

ಹೋದ ತಿಂಗಳು ಗಾಂಧಿಬಜಾರಿನಲ್ಲಿ ಹೂವು ಕೊಂಡು ಬರುತ್ತಿದ್ದಾಗ ಒಂದು ಪುಟ್ಟ ಸ್ಪೋರ್ಟ್ಸ್ ಕಾರು ಕಣ್ಣಿಗೆ ಬಿತ್ತು. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂಥ ಮೈ. ನೋಡಿ ಸಂತೋಷಪಡಬೇಕಾದ ಗಾಡಿ. ಆದರೆ ಅದರ ನಾಲ್ಕೂ ಚಕ್ರಗಳು ಮಡ್‌ಗಾರ್ಡಿನಿಂದ ಎರಡೆರಡು ಬೆರಳು ಹೊರಗೆ ಚಾಚಿಕೊಂಡಿದ್ದವು. ನಿವೃತ್ತನಾಗಿ ವರ್ಷಗಳಾದರೂ ಹಾಳು ಅಭ್ಯಾಸ ಹೋಗಿಲ್ಲ. ಹೂವಿನ ಪೊಟ್ಟಣ ಹಿಡಿದುಕೊಂಡೇ ಬಗ್ಗಿ ಒಳಗಡೆ ನೋಡಿದೆ. ಹಿಂದಿನ ಟೈರುಗಳ ಹೊರ ಅಂಚು ಹೊಸದರಂತಿತ್ತು, ಒಳ ಅಂಚು ಪೂರ್ತಿ ಬೋಳಾಗಿತ್ತು.

ಕಾರಿನ ಯಜಮಾನ ಜ್ಯೂಸ್ ಲೋಟ ಹಿಡಿದು ಬಂದ. ಮೂವತ್ತು ವರ್ಷ ಇರಬಹುದು.

"ಏನಂಕಲ್, ಇಷ್ಟ ಆಯ್ತಾ ಗಾಡಿ?"

"ಟೈರಿನ ಒಳ ಅಂಚು ಸವೆದು ತಂತಿ ಕಾಣ್ತಿದೆ ಕಣಪ್ಪ. ನೋಡಿದೀರಾ?"

"ಅಗಲದ ಟೈರಲ್ಲಿ ಅದು ಮಾಮೂಲಿ ಅಂದ್ರು. ಗ್ರಿಪ್ ಮಾತ್ರ ಸೂಪರ್."

"ಯಾರಂದ್ರು?"

"ಹಾಕ್ದೋರು."

ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ಆ ಹುಡುಗನ ಮೇಲಲ್ಲ. ಅವನಿಗೆ ಕಾರು ಇಷ್ಟ, ತಿಳಿದವರು ಹೇಳಿದ್ದನ್ನು ನಂಬಿದ. ಸಿಟ್ಟು ಬಂದದ್ದು ಹಾಕಿದವರ ಮೇಲೆ. ಆ ಹಾಕಿದವರ ಸಾಲಿನಲ್ಲಿ ನಾನೂ ಒಮ್ಮೆ ನಿಂತಿದ್ದವನಾದ್ದರಿಂದ, ನನ್ನ ಮೇಲೂ.

ನನ್ನ ಹೆಸರು ಸದಾಶಿವ. ಚಾಮರಾಜಪೇಟೆಯ ಒಂದು ಟೈರು ಅಂಗಡಿಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ವೀಲ್ ಅಲೈನ್‌ಮೆಂಟ್ ಮಾಡಿದೆ. ಕಾರಿನ ಚಕ್ರಗಳು ನೆಟ್ಟಗೆ ನಿಂತಿವೆಯೇ, ಒಂದಕ್ಕೊಂದು ಸರಿಯಾಗಿ ಹೊಂದಿವೆಯೇ ಎಂದು ಅಳೆದು ತಿದ್ದುವ ಕೆಲಸ. ಬಳೇಪೇಟೆಯ ಬಳೆ ಅಂಗಡಿಯಲ್ಲಿ ಕೂರು ಎಂದ ಅಪ್ಪನ ಮಾತು ಮೀರಿ ಇದಕ್ಕೆ ಸೇರಿದೆ. ಯಾವಾಗ ಹೆಡ್ ಮೆಕ್ಯಾನಿಕ್ ಆದೆ, ಯಾರು ಶಾಲು ಹೊದಿಸಿದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಐಟಿಐ, ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಬರುತ್ತಿರುವ ನೀವು ತಿಳಿಯಬೇಕಾದ್ದು ಬೇರೆ ಇದೆ.

ನನಗೆ ಕೆಲಸ ಕಲಿಸಿದವರು ಪಳನಿ ಮೇಸ್ತ್ರಿ. ಅವರ ಬಳಿ ಇದ್ದದ್ದು ಒಂದು ಉಂಡೆ ದಾರ, ಒಂದು ಸ್ಟೀಲ್ ಪಟ್ಟಿ, ಒಂದು ತೂಕದ ಗುಂಡು, ಸೀಮೆಸುಣ್ಣ. ಕಾರಿನ ಎರಡೂ ಪಕ್ಕಕ್ಕೆ ದಾರ ಬಿಗಿದು, ಚಕ್ರದ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ದಾರದಿಂದ ಎಷ್ಟು ದೂರ ಎಂದು ಅಳೆಯುತ್ತಿದ್ದರು. ಅಳೆಯುವ ಮೊದಲು ಟೈರಿನ ಮೇಲೆ ಅಂಗೈ ಆಡಿಸುತ್ತಿದ್ದರು. ಒಂದು ಕಡೆಗೆ ಸವರಿದರೆ ನುಣುಪು, ಇನ್ನೊಂದು ಕಡೆಗೆ ಸವರಿದರೆ ಗರಗಸದ ಹಾಗೆ ಚುಚ್ಚಿದರೆ ಚಕ್ರ ಓರೆಯಾಗಿ ಓಡುತ್ತಿದೆ ಎಂದರ್ಥ. ಟೈರು ಸುಳ್ಳು ಹೇಳುವುದಿಲ್ಲ ಎನ್ನುವುದು ಅವರಿಗೆ ಮಂತ್ರದ ಹಾಗೆ.

ನನ್ನ ಮೊದಲ ದೊಡ್ಡ ತಪ್ಪು ಅವರ ಎದುರಿಗೇ ಆಯಿತು. ಒಬ್ಬ ವಕೀಲರು ತಮ್ಮ ಎರಡು ಬಾಗಿಲಿನ ಕಾರಿಗೆ ಅಗಲದ ಚಕ್ರ ಬೇಕೆಂದು ತಂದರು. ಆ ಕಾಲಕ್ಕೆ ಅಪರೂಪದ ಶೋಕಿ. ಮೇಸ್ತ್ರಿ ಊಟಕ್ಕೆ ಹೋಗಿದ್ದರು, ನಾನೇ ಕೂರಿಸಿದೆ. ರಿಮ್ಮನ್ನು ಬೋಲ್ಟ್ ಹಾಕಿ ಬಿಗಿಯುವ ತಟ್ಟೆ ರಿಮ್ಮಿನ ನಟ್ಟನಡುವಿನಿಂದ ಎಷ್ಟು ಒಳಗೋ ಹೊರಗೋ ಇರುತ್ತದೆಯೋ ಆ ಅಳತೆಗೆ ಆಫ್‌ಸೆಟ್ ಎನ್ನುತ್ತಾರೆ. ಅದು ಹಳೆಯ ಚಕ್ರದಲ್ಲಿ ಒಂದು ಅಳತೆ, ಹೊಸದರಲ್ಲಿ ಇನ್ನೊಂದು. ನಾನು ನೋಡಲೇ ಇಲ್ಲ. ಸ್ಟೀರಿಂಗನ್ನು ಆ ಕಡೆ ಈ ಕಡೆ ತಿರುಗಿಸಿದೆ, ಎಲ್ಲೂ ತಾಗಲಿಲ್ಲ, ಕೀ ಕೊಟ್ಟೆ.

ಅಂದು ಸಂಜೆ ವಕೀಲರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬುಲ್ ಟೆಂಪಲ್ ರಸ್ತೆಯ ಇಳಿಜಾರಿನಲ್ಲಿ ಬರುತ್ತ ತಿರುವು ತೆಗೆದುಕೊಂಡಿದ್ದಾರೆ. ನಾಲ್ಕು ಜನರ ಭಾರಕ್ಕೆ ಮೈ ಕೆಳಗಿಳಿದು, ಮಡ್‌ಗಾರ್ಡಿನ ತಗಡಿನ ಅಂಚು ಟೈರಿನ ಪಕ್ಕೆಯನ್ನು ಬ್ಲೇಡಿನ ಹಾಗೆ ಸೀಳಿದೆ. ಯಾರಿಗೂ ಏನೂ ಆಗಲಿಲ್ಲ. ಕಾರು ಫುಟ್‌ಪಾತಿನ ಕಲ್ಲಿಗೆ ಒರಗಿ ನಿಂತಿತ್ತು.

ಮೇಸ್ತ್ರಿ ನನಗೆ ಬೈಯಲಿಲ್ಲ. ಮರುದಿನ ಅದೇ ಥರದ ಇನ್ನೊಂದು ಕಾರಿನಲ್ಲಿ ಅಂಗಡಿಯವರನ್ನೆಲ್ಲ ಕೂರಿಸಿ, ನನ್ನನ್ನು ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂರಿಸಿ, ಸ್ಟೀರಿಂಗ್ ತಿರುಗಿಸಿ, ತಗಡಿನ ಅಂಚು ಟೈರಿನ ಹತ್ತಿರಕ್ಕೆ ಇಳಿಯುವುದನ್ನು ತೋರಿಸಿದರು.

"ನಿಂತಿರೋ ಕಾರಿಗೆ ಎಲ್ಲಾ ಚಕ್ರಾನೂ ಸರಿಹೋಗುತ್ತೆ ಸದಾಶಿವಾ," ಎಂದರು. "ನೀನು ಓಡೋ ಕಾರಿಗೆ ಹಾಕು."

ಇವತ್ತು ಎಷ್ಟು ಅಂಗಡಿಗಳಲ್ಲಿ ಚಕ್ರ ಬದಲಿಸಿದ ಮೇಲೆ ಜನರನ್ನು ಕೂರಿಸಿ ತಿರುವಿನಲ್ಲಿ ಓಡಿಸಿ ನೋಡುತ್ತಾರೆ? ಫೋಟೊ ತೆಗೆಯುತ್ತಾರೆ, ಅಷ್ಟೆ.

ಅಗಲದ ಟೈರಿನ ವಿಷಯವನ್ನು ನನಗೆ ನಿಜವಾಗಿ ಅರ್ಥ ಮಾಡಿಸಿದವರು ಮೆಕ್ಯಾನಿಕ್ ಅಲ್ಲ. ಮಲ್ಲೇಶ್ವರದ ಮಾಲತಿ ಮೇಡಂ, ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದವರು. ಅವರ ಬಳಿ ಮೇಲ್ಛಾವಣಿ ತೆರೆಯುವ, ಹಗುರವಾದ, ಹಿಂದಿನ ಚಕ್ರಗಳು ನೂಕುವ ಎರಡು ಸೀಟಿನ ಕಾರಿತ್ತು. ಯಾರದೋ ಕೈಯಿಂದ ಕೊಂಡದ್ದು. ಮೊದಲಿನವನು ಅದಕ್ಕೆ ಮೂರು ಸೈಜು ಅಗಲದ ಟೈರು, ಭಾರದ ರಿಮ್ಮು ಹಾಕಿಸಿ, ಕಂಪನಿಯ ಹಳೆಯ ಚಕ್ರಗಳನ್ನು ಜೊತೆಗೇ ಕೊಟ್ಟಿದ್ದ. ಭಾನುವಾರ ಮೈದಾನದಲ್ಲಿ ಕೋನ್‌ಗಳನ್ನಿಟ್ಟು ಕಾರು ಓಡಿಸುವ ಸ್ಪರ್ಧೆಗಳಿಗೆ ಮೇಡಂ ಹೋಗುತ್ತಿದ್ದರು. ಹತ್ತಿಸೀರೆ ಉಟ್ಟು, ಸೆರಗು ಬಿಗಿದುಕೊಂಡು ಆ ಕಾರಿನಿಂದ ಇಳಿದಾಗ ನಮ್ಮ ಅಂಗಡಿಯವರು ಕೆಲಸ ನಿಲ್ಲಿಸಿ ನೋಡಿದರು.

ಅಂಗಡಿಯ ಮಾಲೀಕರು ರುದ್ರಪ್ಪನವರು. ಟೈರು ಮಾರುವುದರಲ್ಲಿ ನಿಪುಣರು, ಟೈರಿನ ಮೇಲೆ ಕೈಯಿಟ್ಟು ನೋಡಿದವರಲ್ಲ. ಮೇಡಂ ಮಾತು ಮುಗಿಸುವ ಮೊದಲೇ ಉತ್ತರ ಕೊಟ್ಟರು.

"ಅಗಲದ ಟೈರಿಗೆ ಸ್ಟೀರಿಂಗ್ ಸ್ವಲ್ಪ ಭಾರ ಇರುತ್ತೆ ಮೇಡಂ. ಲೇಡೀಸ್‌ಗೆ ಹಂಗನ್ಸುತ್ತೆ. ರೂಢಿ ಆಗೋಗುತ್ತೆ."

"ಭಾರ ಅಂತ ನಾನು ಹೇಳ್ಲಿಲ್ಲ," ಎಂದರು ಮೇಡಂ. "ರಸ್ತೇಲಿ ಉದ್ದಕ್ಕೆ ಗೀರಿದ್ರೆ ಕಾರು ಗೀರಿನ ಹಿಂದೆ ಹೋಗುತ್ತೆ, ನನ್ನ ಕೈ ಹಿಂದೆ ಬರಲ್ಲ ಅಂದೆ. ಬ್ರೇಕ್ ಹಾಕ್ದಾಗ್ಲೂ ಪಕ್ಕಕ್ಕೆ ಎಳೆಯುತ್ತೆ. ಯಾಕೆ ಅಂತ ಕೇಳಿದ್ದು."

ರುದ್ರಪ್ಪನವರು ನಕ್ಕು ಒಳಗೆ ಹೋದರು. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಗಿರಾಕಿ ತನ್ನ ಕೈಗೆ ತಿಳಿದದ್ದನ್ನು ಹೇಳುತ್ತಿದ್ದಾರೆ. ಅದಕ್ಕಿಂತ ಬೆಲೆಬಾಳುವ ಸುದ್ದಿ ನಮ್ಮ ಕೆಲಸದಲ್ಲಿ ಬೇರೊಂದಿಲ್ಲ. ಸೀರೆ ಉಟ್ಟವರು ಹೇಳಿದರು ಎಂಬ ಒಂದೇ ಕಾರಣಕ್ಕೆ ಅದನ್ನು ಕಸಕ್ಕೆ ಹಾಕಿದರು.

ನಾನು ಕೇಳಿಸಿಕೊಂಡೆ. ಆದರೆ ಯಾಕೆ ಎಂಬ ಪ್ರಶ್ನೆಗೆ ನನ್ನಲ್ಲೂ ಉತ್ತರ ಇರಲಿಲ್ಲ. ಹಾಗೆಂದು ಒಪ್ಪಿಕೊಂಡೆ. ಮೇಡಂ ಮರುದಿನ ಕಾರ್ಬನ್ ಪೇಪರು, ಚೌಕದ ಗೆರೆಯ ಗ್ರಾಫ್ ಹಾಳೆ, ಮನೆಯ ತೂಕದ ಯಂತ್ರ ಎಲ್ಲ ಹೊತ್ತುಕೊಂಡು ಬಂದರು. ಕಾರನ್ನು ಜಾಕಿಯಿಂದ ಎತ್ತಿದೆವು. ಚಕ್ರದ ಕೆಳಗೆ ಹಾಳೆ, ಅದರ ಮೇಲೆ ಕಾರ್ಬನ್. ಮೆಲ್ಲಗೆ ಇಳಿಸಿ ಮತ್ತೆ ಎತ್ತಿದೆವು. ಹಾಳೆಯ ಮೇಲೆ ಟೈರು ನೆಲ ಮುಟ್ಟಿದ ಅಚ್ಚು ಬಂತು. ಆಮೇಲೆ ಹಳೆಯ ಕಿರಿದಾದ ಚಕ್ರ ಹಾಕಿ, ಅಷ್ಟೇ ಗಾಳಿ ತುಂಬಿ, ಇನ್ನೊಂದು ಅಚ್ಚು.

"ಯಾವುದು ದೊಡ್ಡದು ಸದಾಶಿವ?"

"ಅಗಲದ್ದೇ ಇರ್ಬೇಕು ಮೇಡಂ."

"ಎಣಿಸಿ."

ಇಬ್ಬರೂ ಕೂತು ಚೌಕ ಎಣಿಸಿದೆವು. ಹೆಚ್ಚೂಕಡಿಮೆ ಒಂದೇ ಬಂತು. ನಾನು ಎರಡು ಸಲ ಎಣಿಸಿದೆ. ಕಿರಿದಾದ ಟೈರಿನ ಅಚ್ಚು ಕಾರು ಹೋಗುವ ದಿಕ್ಕಿಗೆ ಉದ್ದವಾಗಿತ್ತು, ಅಗಲದ ಟೈರಿನ ಅಚ್ಚು ಗಿಡ್ಡವಾಗಿ ಅಡ್ಡಡ್ಡ ಮಲಗಿತ್ತು.

"ಕಾರಿನ ಭಾರ ಅಷ್ಟೇ, ಒಳಗಿನ ಗಾಳಿ ಒತ್ತಡ ಅಷ್ಟೇ," ಎಂದರು ಮೇಡಂ. "ಜಾಗ ತುಂಬ ಜಾಸ್ತಿ ಆಗೋದು ಎಲ್ಲಿಂದ? ಆಕಾರ ಬದಲಾಯ್ತು ಅಷ್ಟೆ. ಆದ್ರೆ ಆಕಾರ ಬದಲಾದ್ರೆ ನಡತೆ ಬದಲಾಗುತ್ತೆ."

ಹದಿನೈದು ವರ್ಷ ಟೈರು ಮುಟ್ಟಿದ್ದ ನನಗೆ ಅದು ಗೊತ್ತಿರಲಿಲ್ಲ. ನಮ್ಮಲ್ಲಿ ಯಾರೂ ಹೇಳಿಕೊಡಲಿಲ್ಲ. ಅಗಲ ಎಂದರೆ ಹಿಡಿತ ಎಂದು ಬಾಯಿಪಾಠ ಮಾಡಿಸಿದರು, ಯಾಕೆಂದರೆ ಆ ಒಂದು ಸಾಲಿನಿಂದ ವ್ಯಾಪಾರ ನಡೆಯುತ್ತದೆ. ಚಕ್ರಗಳನ್ನು ತೂಗಿದೆವು. ಅಗಲದ್ದು ಒಂದೊಂದೂ ಒಂದು ದೊಡ್ಡ ಕುಂಬಳಕಾಯಿಯಷ್ಟು ಹೆಚ್ಚು ಭಾರ. ಸ್ಪ್ರಿಂಗಿನ ಕೆಳಗೆ ತೂಗಾಡುವ ಭಾರ ಅದು. ಹಳ್ಳಕ್ಕೆ ಬಿದ್ದ ಚಕ್ರ ಬೇಗ ಎದ್ದು ಮತ್ತೆ ನೆಲ ಹಿಡಿಯಬೇಕಾದರೆ ಅದು ಹಗುರವಾಗಿರಬೇಕು.

ಮುಂದಿನ ಭಾನುವಾರ ಮೇಡಂ ಪರಿಚಯದವರ ಕಾರ್ಖಾನೆಯ ಖಾಲಿ ಅಂಗಳಕ್ಕೆ ಹೋದೆವು. ಪಳನಿ ಮೇಸ್ತ್ರಿ ಆಗಲೇ ಕೆಲಸ ಬಿಟ್ಟಿದ್ದರು, ಆದರೂ ನೋಡಲು ಬಂದರು. ಕೋನ್‌ಗಳ ನಡುವೆ ಮೇಡಂ ಸುತ್ತು ಹೊಡೆದರು, ನಾನು ಸ್ಟಾಪ್‌ವಾಚ್ ಹಿಡಿದೆ. ಇಲ್ಲಿ ನಿಜ ಹೇಳಬೇಕು. ಒಣ ನೆಲದಲ್ಲಿ ಅಗಲದ ಟೈರೇ ಗೆದ್ದಿತು. ಆ ಅಡ್ಡಡ್ಡದ ಅಚ್ಚು ತಿರುವಿನಲ್ಲಿ ಕಡಿಮೆ ತಿರುಚಿಕೊಳ್ಳುತ್ತದೆ, ಸ್ಟೀರಿಂಗ್ ಅಲುಗಿಸಿದ ತಕ್ಷಣ ಮೂತಿ ತಿರುಗುತ್ತದೆ. ಅಗಲದ ಟೈರು ಬರೀ ಮೋಸ ಎನ್ನುವವರೂ ಸುಳ್ಳು ಹೇಳುತ್ತಿದ್ದಾರೆ. ಆದರೆ ಕಾಂಕ್ರೀಟು ಒಡೆದಿದ್ದ ಮೂಲೆಯಲ್ಲಿ ಅದೇ ಚಕ್ರ ಕುಣಿಯಿತು, ಕಾರು ಪಕ್ಕಕ್ಕೆ ಹಾರಿತು. ಕಿರಿದಾದದ್ದು ಅಲ್ಲಿ ಸುಮ್ಮನೆ ದಾಟಿಕೊಂಡು ಹೋಯಿತು.

ಆಮೇಲೆ ಟ್ಯಾಂಕರಿನಿಂದ ನೀರು ಬಿಡಿಸಿದೆವು. ಅಂಗಳದ ತಗ್ಗಿನಲ್ಲಿ ಬೆರಳಿನ ದಪ್ಪಕ್ಕೆ ನೀರು ನಿಂತಿತು. ಕಿರಿದಾದ ಟೈರು ಚಾಕುವಿನ ಹಾಗೆ ನೀರನ್ನು ಸೀಳಿ ನೆಲ ಮುಟ್ಟಿತು. ಅಗಲದ್ದು ಹಲಗೆಯ ಹಾಗೆ ನೀರಿನ ಮೇಲೆ ತೇಲಿತು. ಅದೇ ವೇಗ, ಅದೇ ಕಾರು, ಅದೇ ಕೈ. ಮೇಡಂ ಸ್ಟೀರಿಂಗ್ ತಿರುಗಿಸಿದರು, ಕಾರು ನೆಟ್ಟಗೆ ಹೋಗಿ ಮೂರು ಕೋನ್‌ಗಳನ್ನು ಉರುಳಿಸಿತು.

ಇಳಿದು ಬಂದವರು ಹೇಳಿದ್ದು ಇಷ್ಟು: "ಸಣ್ಣ ಟೈರು ಜಾರೋಕೆ ಮುಂಚೆ ಕೈಗೆ ಸುದ್ದಿ ಕೊಡುತ್ತೆ. ಇದು ಸುದ್ದೀನೇ ಕೊಡ್ಲಿಲ್ಲ. ಸ್ಟೀರಿಂಗ್ ಹಗುರ ಆಯ್ತು, ಅಷ್ಟರಲ್ಲಿ ಮುಗಿದಿತ್ತು."

ಕೊನೆಗೆ ಕಂಪನಿಯ ಅಳತೆಗಿಂತ ಒಂದೇ ಸೈಜು ಅಗಲದ, ಒಳ್ಳೆಯ ಗೀರುಗಳಿರುವ ಟೈರು ಹಾಕಿದೆವು. ರಿಮ್ಮು ಹಗುರದ್ದು, ಆಫ್‌ಸೆಟ್ ಹಳೆಯದೇ. ಅಗಲದ ಟೈರು ಸ್ವಲ್ಪ ವಾಲಿದರೂ ಒಂದೇ ಅಂಚಿನ ಮೇಲೆ ಓಡುವುದರಿಂದ ಚಕ್ರ ವಾಲುವ ಕೋನವನ್ನು ಅದಕ್ಕೆ ತಕ್ಕಂತೆ ತಿದ್ದಿದೆ. ಹೊಂದಿಸುವುದಕ್ಕೆ ಎರಡು ದಿನ ಹಿಡಿಯಿತು. ಮುಂದೆ ಎಷ್ಟೋ ವರ್ಷ ಮೇಡಂ ಅದರಲ್ಲೇ ಓಡಾಡಿದರು. ಎರಡು ದಿನ ಒಂದೇ ಕಾರಿಗೆ ಕೂತೆ ಎಂದು ರುದ್ರಪ್ಪನವರು ನನಗೆ ಬೈದರು. ಮೇಡಂ ಬಿಚ್ಚಿಸಿದ ಆ ಅಗಲದ ಚಕ್ರಗಳಿಗೆ ಪಾಲಿಶ್ ಹಾಕಿಸಿ ಅಂಗಡಿಯ ಮುಂದೆ ಮಾರಾಟಕ್ಕೆ ಇಟ್ಟರು.

ರುದ್ರಪ್ಪನವರಿಗೆ ವಯಸ್ಸಾದ ಮೇಲೆ ಅವರ ಮಗ ಮಹೇಶ ಅಂಗಡಿ ವಹಿಸಿಕೊಂಡ, ಅವನ ಹಿಂದೆಯೇ ಕಂಪ್ಯೂಟರ್ ಬಂತು. ನಾಲ್ಕು ಚಕ್ರಕ್ಕೂ ಕನ್ನಡಿಯಂಥ ತಟ್ಟೆ ಸಿಕ್ಕಿಸಿದರೆ ಕ್ಯಾಮೆರಾ ಅಳೆದು ಪರದೆಯ ಮೇಲೆ ಬಣ್ಣ ತೋರಿಸುತ್ತದೆ. ಸರಿ ಇದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಹಳೆಯ ಕಾಲದವನೆಂದು ಯಂತ್ರವನ್ನು ಬೈಯುತ್ತೇನೆಂದು ತಿಳಿಯಬೇಡಿ. ದಾರದಲ್ಲಿ ಅರ್ಧ ದಿನ ಹಿಡಿಯುತ್ತಿದ್ದದ್ದನ್ನು ಅದು ಕಾಲು ಗಂಟೆಯಲ್ಲಿ, ನನ್ನ ಕಣ್ಣಿಗಿಂತ ಚೆನ್ನಾಗಿ ಅಳೆಯುತ್ತಿತ್ತು. ನನ್ನ ಸಿಟ್ಟು ಅದರ ಹಿಂದೆ ಬಚ್ಚಿಟ್ಟುಕೊಳ್ಳುವವರ ಮೇಲೆ. ಆ ಯಂತ್ರ ಚಕ್ರದ ಓರೆ ನೋಡುತ್ತದೆ. ಟೈರು ಯಾವುದು, ಸವೆದಿದೆಯೇ, ಮಳೆಗೆ ಆಗುತ್ತದೆಯೇ, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ. "ಹಸಿರು ಬಂತಲ್ಲ ಸದಾಶಿವಣ್ಣ, ಕೊಟ್ಬಿಡಿ" ಎನ್ನುವುದು ಮಹೇಶನ ದಿನನಿತ್ಯದ ಮಾತಾಯಿತು.

ಹಾಗೆ ಕೊಟ್ಟುಬಿಟ್ಟ ಒಂದು ಕಾರಿನ ಕಥೆಗಾಗಿಯೇ ಇಷ್ಟೆಲ್ಲ ಬರೆದೆ.

ಶೇಷಾದ್ರಿಪುರದ ಕಿರಣ್ ಎಂಬ ಹುಡುಗ ತನ್ನ ಎರಡು ಸೀಟಿನ ಸ್ಪೋರ್ಟ್ಸ್ ಕಾರು ತಂದ. ಒಳ್ಳೆಯ ಹುಡುಗ, ಮೃದು ಮಾತು. ಮಹೇಶ ಅವನಿಗೆ ಬಹಳ ಅಗಲದ, ರೇಸಿನ ಟ್ರ್ಯಾಕಿಗೆಂದೇ ಮಾಡಿದ ಟೈರುಗಳನ್ನು ತೋರಿಸಿದ. ಅವುಗಳಲ್ಲಿ ನೀರು ಹೊರಹೋಗುವ ಗೀರುಗಳು ಕಡಿಮೆ. ಅದೂ ಯಾರೋ ಟ್ರ್ಯಾಕಿನಲ್ಲಿ ಓಡಿಸಿ ಅರ್ಧ ಸವೆಸಿದ್ದವು. ಚಕ್ರ ಹೊರಗೆ ಕಾಣಲೆಂದು ಹಿಂದೆ ಸ್ಪೇಸರ್ ಬೇರೆ, ಅಂದರೆ ಚಕ್ರವನ್ನು ಹೊರಕ್ಕೆ ನೂಕುವ ದಪ್ಪ ಬಿಲ್ಲೆ.

ನಾನು ಮಹೇಶನನ್ನು ಪಕ್ಕಕ್ಕೆ ಕರೆದೆ.

"ಇದು ಮಳೆಗೆ ಆಗಲ್ಲ ಮಹೇಶ. ಹೊರಗೆ ಮೋಡ ನೋಡು."

"ಅವ್ರು ಕೇಳಿದ್ದು ನಾವು ಕೊಡ್ತಿದೀವಿ."

"ಅವ್ರು ಕೇಳ್ಲಿಲ್ಲ. ನೀನು ತೋರಿಸ್ದೆ."

"ಸದಾಶಿವಣ್ಣ, ನಿಮ್ಮ ಕೆಲಸ ಅಲೈನ್‌ಮೆಂಟು. ಅದು ಮಾಡಿ."

ನಾನು ಅಲೈನ್‌ಮೆಂಟ್ ಮಾಡಿದೆ. ಮಾಡಿದ ಕೆಲಸ ಬರೆಯುವ ಜಾಬ್ ಕಾರ್ಡಿನ ಕೆಳಗೆ "ಈ ಟೈರು ಮಳೆಗೆ ಆಗದು" ಎಂದು ಬರೆದೆ. ಮಹೇಶ ಅದನ್ನು ಓದಿ, ಹರಿದು, ಬೇರೆ ಕಾರ್ಡ್ ಮುಂದಿಟ್ಟ. "ಕ್ಲೀನಾಗಿ ಬರೀರಿ" ಎಂದ. ನಾನು ಕ್ಲೀನಾಗಿ ಬರೆದೆ. ಯಂತ್ರ ಕೊಟ್ಟ ಹಸಿರು ಹಾಳೆಯ ಕೆಳಗೆ ಸಹಿ ಹಾಕಿದೆ.

ಹೊರಡುವಾಗ ಕಿರಣ್ ತಾನಾಗಿಯೇ ನನ್ನ ಹತ್ತಿರ ಬಂದ.

"ಸರ್, ನೀವು ಅನುಭವಸ್ಥರು. ಇದರಲ್ಲಿ ಏನಾದ್ರೂ ತೊಂದ್ರೆ ಇದ್ಯಾ?"

ಮಹೇಶ ಕೌಂಟರಿನಿಂದ ನೋಡುತ್ತಿದ್ದ. ನಾನು ಹೇಳಿದೆ, "ಮಳೆ ಬಂದ್ರೆ ಸ್ವಲ್ಪ ನಿಧಾನಕ್ಕೆ ಹೋಗಿ."

ಆ ಹುಡುಗ ಕೇಳಿದ್ದು ನೇರವಾದ ಪ್ರಶ್ನೆ. ಅದಕ್ಕೆ ಉತ್ತರ ನನ್ನ ಬಳಿ ಇತ್ತು. ಮಾಲತಿ ಮೇಡಂ ಜೊತೆ ನೀರಿನಲ್ಲಿ ನನ್ನ ಕಣ್ಣಾರೆ ನೋಡಿದ್ದ ಉತ್ತರ. "ಈ ಟೈರು ಬಿಚ್ಚಿಸಿ, ಹಳೇದು ಹಾಕಿಸ್ಕೊಳ್ಳಿ" ಎನ್ನಲು ಎಷ್ಟು ಹೊತ್ತು ಬೇಕಿತ್ತು? "ನಿಧಾನಕ್ಕೆ ಹೋಗಿ" ಎಂಬುದು ಕೇಳುವವನಿಗೆ ಹಿರಿಯರ ಹಿತವಚನದಂತೆ ಕಾಣುತ್ತದೆ. ಹೇಳುವವನಿಗೆ ಅದು ತಪ್ಪಿಸಿಕೊಳ್ಳುವ ದಾರಿ. ನಮ್ಮ ಕಸುಬಿನಲ್ಲಿ ಅದಕ್ಕಿಂತ ಹೇಡಿ ಮಾತನ್ನು ನಾನು ಕೇಳಿಲ್ಲ.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ, ಊರ ಹೊರಗಿನ ರಸ್ತೆಯಲ್ಲಿ, ಮಳೆ ನಿಂತ ಸ್ವಲ್ಪ ಹೊತ್ತಿಗೆ, ನಿಂತ ನೀರಿನ ಮೇಲೆ ಕಾರು ತೇಲಿ ತಿರುಗಿ ಡಿವೈಡರಿಗೆ ಬಡಿಯಿತು. ಕಿರಣ್‌ಗೆ ತರಚು ಗಾಯ. ಪಕ್ಕದಲ್ಲಿ ಕೂತಿದ್ದ ಅವನ ಅಕ್ಕ ಅನುಪಮಾಳ ಎಡ ತೊಡೆಯ ಮೂಳೆಯೂ ಸೊಂಟದ ಮೂಳೆಯೂ ಮುರಿದವು. ಅವಳು ಪ್ರೈಮರಿ ಶಾಲೆಯ ಟೀಚರು. ದಿನವಿಡೀ ನಿಂತು ಮಾಡುವ ಕೆಲಸ.

ಪೊಲೀಸರು ಕಿರಣ್ ಮೇಲೆ ಅಜಾಗರೂಕ ಚಾಲನೆಯ ಕೇಸು ಹಾಕಿದರು. ಸ್ಪೋರ್ಟ್ಸ್ ಕಾರು, ಪ್ರಾಯದ ಹುಡುಗ, ಇನ್ನೇನು ಬೇಕು? ಎಲ್ಲರೂ ಒಂದೇ ಮಾತು, ಹುಚ್ಚು ವೇಗದಲ್ಲಿ ಹೋಗಿರುತ್ತಾನೆ. ಕಾರಿನಲ್ಲಿ ಏನೂ ದೋಷವಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಅವರಿಗೆ ಸಿಕ್ಕಿದ್ದು ಯಾವುದು ಗೊತ್ತೆ? ನಮ್ಮ ಅಂಗಡಿಯ ಹಸಿರು ಹಾಳೆ. ಎರಡು ವಾರದ ಹಿಂದಷ್ಟೇ ತಜ್ಞರು ಪರೀಕ್ಷಿಸಿ ಎಲ್ಲ ಸರಿ ಇದೆ ಎಂದಿದ್ದಾರೆ, ಕೆಳಗೆ ಸದಾಶಿವ ಎಂಬ ಸಹಿ. ಮಹೇಶ ಅದನ್ನು ತಾನೇ ಜೆರಾಕ್ಸ್ ಮಾಡಿಸಿ ಕೊಟ್ಟ. ವಿಚಾರಣೆಗೆ ಬಂದವರು ನನ್ನನ್ನು "ಈ ಸಹಿ ನಿಮ್ದೇನಾ?" ಎಂದು ಮಾತ್ರ ಕೇಳಿದರು. ಹೌದು ಎಂದೆ. ಬೇರೇನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೀಗೆ ತಿಂಗಳುಗಳು ಕಳೆದವು. ಊಟ ಮಾಡುತ್ತಿದ್ದೆ, ಮಲಗುತ್ತಿದ್ದೆ, ಕೆಲಸಕ್ಕೆ ಹೋಗುತ್ತಿದ್ದೆ. ನನ್ನ ಬಗ್ಗೆ ನನಗೆ ಹೇಸಿಗೆಯಾಗುವುದು ಅದಕ್ಕೇ.

ಒಂದು ದಿನ ಬೆಳಿಗ್ಗೆ ಆಟೊದಿಂದ ಒಬ್ಬ ಹೆಣ್ಣುಮಗಳು ಊರುಗೋಲು ಹಿಡಿದು ಇಳಿದಳು. ಮಹೇಶ ಇನ್ನೂ ಬಂದಿರಲಿಲ್ಲ.

"ಸದಾಶಿವ ಅಂದ್ರೆ ನೀವೇನಾ ಅಂಕಲ್? ನಾನು ಕಿರಣ್ ಅಕ್ಕ."

ಕುರ್ಚಿ ಹಾಕಿದೆ. ಕೂರಲಿಲ್ಲ.

"ನಮ್ಮ ತಮ್ಮ ಜೋರಾಗಿ ಹೋಗ್ತಿರ್ಲಿಲ್ಲ. ಅಮ್ಮ ನೋಡ್ಕೋ ಅಂದಿದ್ರು ಅಂತ ನಾನು ಮೀಟರ್ ನೋಡ್ತಾನೇ ಇದ್ದೆ. ಎಪ್ಪತ್ತು ಇತ್ತು. ಯಾರೂ ನಂಬ್ತಿಲ್ಲ. ಈಗ ಅವನೇ ನಂಬ್ತಿಲ್ಲ, ನಾನು ಸುಳ್ಳು ಹೇಳಿ ಅವನನ್ನ ಉಳಿಸ್ತಿದೀನಿ ಅನ್ಕೊಂಡಿದಾನೆ. ನನ್ನ ಮುಖ ನೋಡಿ ಮಾತಾಡ್ತಿಲ್ಲ." ಊರುಗೋಲು ಸರಿಪಡಿಸಿಕೊಂಡು ಕೇಳಿದಳು, "ಆ ಟೈರು ಸರಿ ಇತ್ತಾ ಅಂಕಲ್?"

"ಇರ್ಲಿಲ್ಲಮ್ಮ."

"ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಸೈನ್ ಹಾಕಿದ್ರಿ?"

ಸಿಟ್ಟಿನಿಂದ ಕೇಳಲಿಲ್ಲ. ತರಗತಿಯಲ್ಲಿ ಮಗುವನ್ನು ಕೇಳುವ ಹಾಗೆ, ನಿಜವಾಗಿ ತಿಳಿಯಬೇಕೆಂದು ಕೇಳಿದಳು. ಮಾಲೀಕ ಹೇಳಿದ ಎನ್ನಬಹುದಿತ್ತು. ಊರುಗೋಲು ಹಿಡಿದು ನಿಂತವಳ ಮುಂದೆ ಅದು ಬಾಯಿಗೆ ಬರಲಿಲ್ಲ.

"ಹೆದರಿ ಹಾಕ್ದೆ," ಎಂದೆ.

ಅಂದೇ ಮಧ್ಯಾಹ್ನ ರಜೆ ಹಾಕಿ ಮಲ್ಲೇಶ್ವರಕ್ಕೆ ಹೋದೆ. ಮಾಲತಿ ಮೇಡಂ ನಿವೃತ್ತರಾಗಿ ಮನೆಯಲ್ಲಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಸಮಾಧಾನದ ಮಾತೊಂದೂ ಆಡದೆ, ಕಾಗದ ಪೆನ್ನು ತಂದಿಟ್ಟರು.

"ಮೊದಲು ನಿಮ್ಮ ತಪ್ಪು ಬರೀರಿ. ಟೈರಿನ ವಿಷಯ ಆಮೇಲೆ ನಾನು ಬರೀತೀನಿ."

ಹರಿದ ಕಾರ್ಡಿನಿಂದ ಹಿಡಿದು "ನಿಧಾನಕ್ಕೆ ಹೋಗಿ" ಎಂದದ್ದರವರೆಗೆ ಎಲ್ಲವನ್ನೂ ಬರೆದೆ. ಮೇಡಂ ಸವೆದ ಅಗಲದ ಟೈರು ಎಷ್ಟು ಬೇಗ ನೀರಿನ ಮೇಲೆ ತೇಲುತ್ತದೆ ಎಂದು ನಾಲ್ಕು ಪುಟದಲ್ಲಿ ಸರಳವಾಗಿ ವಿವರಿಸಿ, ನಮ್ಮ ಹಳೆಯ ಕಾರ್ಬನ್ ಅಚ್ಚುಗಳನ್ನೂ ಲಗತ್ತಿಸಿದರು. ಕಿರಣ್‌ನ ವಕೀಲರು ಅದನ್ನು ಕೋರ್ಟಿಗೆ ಕೊಟ್ಟರು.

ಮಹೇಶ ನನ್ನನ್ನು ಅಂದೇ ಕೆಲಸದಿಂದ ಬಿಡಿಸಿದ. "ಉಪ್ಪು ತಿಂದ ಮನೆಗೆ ಎರಡು ಬಗೆದ್ರಿ" ಎಂದ. ಅವನಪ್ಪ ರುದ್ರಪ್ಪನವರು ಫೋನ್ ಮಾಡಿ ಅದನ್ನೇ ಇನ್ನಷ್ಟು ಒಳ್ಳೆಯ ಮಾತಿನಲ್ಲಿ ಹೇಳಿದರು. ಆ ಹೆಣ್ಣುಮಗಳ ಕಾಲು ಹೇಗಿದೆ ಎಂದು ಇಬ್ಬರೂ ಕೇಳಲಿಲ್ಲ. ಉಪ್ಪಿನ ಮಾತು ಅದೆಷ್ಟು ಬೇಗ ನೆನಪಾಗುತ್ತದೆ ಇವರಿಗೆ. ಗಿರಾಕಿಯೂ ಆ ಅಂಗಡಿಗೆ ಉಪ್ಪು ಹಾಕಿದವನೇ ಅಲ್ಲವೇ?

ಸಾಕ್ಷಿಕಟ್ಟೆಯಲ್ಲಿ ನನ್ನನ್ನು ಎರಡು ಸಲ ನಿಲ್ಲಿಸಿದರು. ಮೊದಲು ಸುಮ್ಮನಿದ್ದವರು ಈಗ ಯಾಕೆ ಬಂದಿರಿ, ಮಾಲೀಕರ ಮೇಲೆ ದ್ವೇಷವೇ ಎಂದು ಕೇಳಿದರು. ಅವಮಾನವಾಯಿತು. ಆಗಬೇಕಾದದ್ದೇ. ಕೊನೆಗೆ ಕಿರಣ್ ಖುಲಾಸೆಯಾದ. ಅಂದು ಕೋರ್ಟಿನ ಹೊರಗೆ ಅವನು ಅಕ್ಕನ ಭುಜದ ಮೇಲೆ ತಲೆಯಿಟ್ಟು ಅತ್ತ. ನನಗೆ ದೂರದಿಂದಲೇ ನಮಸ್ಕಾರ ಮಾಡಿದ. ಕಾರು ಮುಟ್ಟುವುದನ್ನು ಪೂರ್ತಿ ಬಿಟ್ಟ.

ಅಂಗಡಿಗೆ ಏನಾಯಿತು? ಏನೂ ಆಗಲಿಲ್ಲ. "ಆಯ್ಕೆ ಗ್ರಾಹಕರದೇ, ಜವಾಬ್ದಾರಿಯೂ ಗ್ರಾಹಕರದೇ" ಎಂದು ಒಂದು ಬೋರ್ಡ್ ಹಾಕಿಸಿ ಮಹೇಶ ಅದೇ ಟೈರು ಮಾರಿದ. ಈಗಲೂ ಮಾರುತ್ತಿದ್ದಾನೆ. ನೀವು ನಾಳೆ ಸೇರುವ ಅಂಗಡಿಯಲ್ಲೂ ಅಂಥ ಬೋರ್ಡ್ ಇರಬಹುದು. ಆಯ್ಕೆ ಗ್ರಾಹಕರದು ಎನ್ನಬೇಕಾದರೆ ಮೊದಲು ಅವರಿಗೆ ನಿಜ ಗೊತ್ತಿರಬೇಕು. ಟೈರಿನ ಅಚ್ಚು ನೋಡಿದವರು ನಾವು, ಸವೆದ ಅಂಚು ಸವರಿದವರು ನಾವು. ಗೊತ್ತಿದ್ದದ್ದನ್ನು ಬಚ್ಚಿಟ್ಟು, ಆಯ್ಕೆ ನಿಮ್ಮದು ಎನ್ನುವುದು ಕುರುಡನಿಗೆ ಬಾವಿಯ ದಾರಿ ತೋರಿಸಿ, ಹೆಜ್ಜೆ ನಿನ್ನದು ಎಂದ ಹಾಗೆ.

ನಾನು ಆಮೇಲೆ ಹನುಮಂತನಗರದ ಒಂದು ಚಿಕ್ಕ ಗ್ಯಾರೇಜಿನಲ್ಲಿ ಕೆಲವು ವರ್ಷ ದುಡಿದು ನಿವೃತ್ತನಾದೆ. ಅಗಲದ ಚಕ್ರ ಬೇಕೆಂದು ಬಂದವರಿಗೆ ಬೇಡ ಎಂದೇನೂ ಹೇಳುತ್ತಿರಲಿಲ್ಲ. ಎಷ್ಟು ಅಗಲ, ಯಾವ ಟೈರು, ಯಾವ ರಿಮ್ಮು, ಎಲ್ಲಿ ಓಡಿಸುತ್ತೀರಿ ಎಂದು ಕೇಳುತ್ತಿದ್ದೆ. ಕಾರಿಗೆ ಆಗದ್ದಾದರೆ ಹಾಕುತ್ತಿರಲಿಲ್ಲ. ಅರ್ಧ ಜನ ಬೈದುಕೊಂಡು ಬೇರೆ ಕಡೆ ಹೋದರು.

ಹೋದ ವಾರ ಅನುಪಮಾ ಫೋನ್ ಮಾಡಿದಳು. ಕಾರು ಓಡಿಸಲು ಕಲಿತಿದ್ದಾಳಂತೆ, ಸಾಧಾರಣ ಪುಟ್ಟ ಕಾರು ಕೊಂಡಿದ್ದಾಳಂತೆ. "ಒಂದು ರೌಂಡು ಕೂತ್ಕೊಂಡು ಬನ್ನಿ ಅಂಕಲ್, ಗಾಡಿ ಹೇಗಿದೆ ಹೇಳಿ" ಎಂದಳು. ಬಸವನಗುಡಿಯ ನಮ್ಮ ಮನೆಯ ಮುಂದೆ ಹತ್ತಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಳೆ ಬಂತು. ರಸ್ತೆಯ ತಗ್ಗಿನಲ್ಲಿ ನೀರು ನಿಂತಿದ್ದು ಕಂಡಿತು. ನಾನು ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಮೊದಲೇ ವೇಗ ಇಳಿಸಿ ನೆಟ್ಟಗೆ ದಾಟಿಸಿದಳು.

"ಹೆದರಿಕೆ ಆಯ್ತಾ ಅಂಕಲ್?"

"ಆಯ್ತಮ್ಮ."

"ನನಗೂ. ಪ್ರತೀ ಸಲ ಆಗುತ್ತೆ."

ಕಾರು ಚೆನ್ನಾಗಿತ್ತು. ಸ್ಟೀರಿಂಗ್ ನೆಟ್ಟಗಿತ್ತು, ಟೈರು ಸರಿಯಾದ ಅಳತೆಯದು. ಆದರೆ ಮುಂದಿನ ಸಿಗ್ನಲ್ ಹತ್ತಿರ ಕ್ಲಚ್ ಒತ್ತುವಾಗ ಅಂದು ಮುರಿದಿದ್ದ ಅವಳ ಎಡಗಾಲು ನಡುಗುತ್ತಿದ್ದದ್ದನ್ನು ನೋಡಿದೆ. ಎಷ್ಟು ವರ್ಷದ ಮೇಲೆ ಇಷ್ಟು ಸಂತೋಷದಿಂದ ಕರೆದುಕೊಂಡು ಬಂದಿದ್ದಾಳೆ, ನೋಡದವನಂತೆ ಇದ್ದುಬಿಡೋಣ ಎಂದು ಒಂದು ಕ್ಷಣ ಅನಿಸಿತು.

"ಕಾಲು ನಡುಗ್ತಿದೆ ಕಣಮ್ಮ," ಎಂದೆ. "ಈ ಟ್ರಾಫಿಕ್‌ನಲ್ಲಿ ಇದು ಆಗಲ್ಲ. ಪಕ್ಕಕ್ಕೆ ನಿಲ್ಸು. ನಾಳೆ ಕ್ಲಚ್ ಇಲ್ಲದ ಗಾಡಿ ನೋಡೋಣ."

ಅವಳ ಮುಖ ಸಣ್ಣದಾಯಿತು. ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಒಂದು ಮರದ ಕೆಳಗೆ ಕಾರು ನಿಲ್ಲಿಸಿದಳು. ಮಳೆ ನಿಲ್ಲುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು.